ಹಂಚಿನ ಕಾರ್ಖಾನೆಯ ಸುದ್ದಿಗಾಗಿ ನೂರು ವರ್ಷದ ಹಿಂದಿನ ಪತ್ರಿಕೆಗಳಲ್ಲಿ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಕೈತಪ್ಪಿದಾಗ ಹೊರಗಿನ ಜಗತ್ತು ಅದನ್ನು ಹೇಗೆ ಕಂಡಿತು, ಅಲ್ಲಿ ದುಡಿಯುತ್ತಿದ್ದವರ ಬಗ್ಗೆ ಯಾರಾದರೂ ಒಂದು ಮಾತಾದರೂ ಬರೆದರೇ ಎಂಬುದನ್ನು ಅಂದಿನ ಪತ್ರಿಕೆಗಳಲ್ಲಿಯೇ ಓದಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ನನ್ನ ಅಜ್ಜಿಯ ತಂದೆ ಆ ಕಾರ್ಖಾನೆಯ ಭಟ್ಟಿಗೆ ಸೌದೆ ಹಾಕುವ ಕೆಲಸದಲ್ಲಿದ್ದರು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ಈ ಕೆಲಸಕ್ಕೆ ಕೈಹಾಕಿದೆ; ಮಳೆಗಾಲದ ಆರಂಭದಲ್ಲಿ ಹಿಡಿದದ್ದು ದೀಪಾವಳಿ ಕಳೆದ ಮೇಲೆ ಒಂದು ಹಂತಕ್ಕೆ ಬಂದಿದೆ. ನಾನು ಪ್ರಾಧ್ಯಾಪಕನಲ್ಲ, ಸಂಶೋಧನಾ ವಿದ್ಯಾರ್ಥಿಯೂ ಅಲ್ಲ. ನನ್ನ ಹಾಗೆ ಯಾವ ವಿಶ್ವವಿದ್ಯಾಲಯದ ಗುರುತಿನ ಚೀಟಿಯೂ ಇಲ್ಲದೆ, ಡಿಜಿಟಲ್ ರೂಪಕ್ಕೆ ಬಂದಿರುವ ಹಳೆಯ ಪತ್ರಿಕೆಗಳನ್ನು ನೋಡಬಯಸುವವರಿಗೆ ಅನುಕೂಲವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಮುಂದೆ ಹುಡುಕಾಟದಲ್ಲಿ ಇದೇ ಉಪಯೋಗಕ್ಕೆ ಬಂತು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಆಮೇಲೆ ಮಲ್ಪೆ, ಕೋಝಿಕ್ಕೋಡ್ ಮುಂತಾದ ಕಡೆಗಳಲ್ಲಿಯೂ ಕಾರ್ಖಾನೆಗಳಾದವು. ಸಂಸ್ಥೆಯ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರಾದುದರಿಂದ, 1914ರಲ್ಲಿ ಯುದ್ಧ ಶುರುವಾದಾಗ ಅವರು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರು ದೇಶದ ಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಲಾಯಿತು, ಹಲವರನ್ನು ಗೋಲ್ಕೊಂಡಾ ಎಂಬ ಹಡಗಿನಲ್ಲಿ ಊರಿಗೆ ಕಳುಹಿಸಲಾಯಿತು, ಕೊನೆಗೆ ಮಿಶನ್ನಿನ ಕಾರ್ಖಾನೆ ಮತ್ತು ವ್ಯಾಪಾರವನ್ನು ವಹಿಸಿಕೊಳ್ಳಲು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿ ಹುಟ್ಟಿತು.

ನಮ್ಮ ಕರಾವಳಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊರಗಿನವರಿಗೂ ಸದಸ್ಯತ್ವ ಉಂಟೆಂದು ಕೇಳಿ ಅಲ್ಲಿಗೆ ಹೋದೆ. ಅರ್ಜಿಯ ಜೊತೆಗೆ ಆಧಾರ್ ಪ್ರತಿ, ಎರಡು ಭಾವಚಿತ್ರ, ಯಾವ ವಿಷಯದ ಬಗ್ಗೆ ಏನು ನೋಡಬೇಕಾಗಿದೆ ಎಂಬ ಒಂದು ಪುಟದ ವಿವರಣೆ ಮತ್ತು ಯಾವುದಾದರೂ ಕಾಲೇಜಿನ ಪ್ರಾಂಶುಪಾಲರದೋ ವಿಭಾಗ ಮುಖ್ಯಸ್ಥರದೋ ಶಿಫಾರಸು ಪತ್ರ ಕೊಡಬೇಕಿತ್ತು. ಶಿಫಾರಸು ಪತ್ರವೇ ಕಷ್ಟದ್ದು. ಪರಿಚಯದ ಪ್ರಾಂಶುಪಾಲರು ಪರೀಕ್ಷೆಯ ಗಡಿಬಿಡಿಯಲ್ಲಿದ್ದರು. ಅವರ ಸಹಿ ಸಿಕ್ಕಿದ ಮೇಲೆ ಗ್ರಂಥಾಲಯದವರು ಅದರಲ್ಲಿ ಮೊಹರು ಇಲ್ಲವೆಂದು ಹಿಂದಿರುಗಿಸಿದರು. ವಾರ್ಷಿಕ ಶುಲ್ಕ 500 ರೂಪಾಯಿ, ಹಿಂದಿರುಗಿಸಬಹುದಾದ ಠೇವಣಿ 2,000 ರೂಪಾಯಿ, ಎರಡನ್ನೂ ಬ್ಯಾಂಕ್ ಚಲನ್ ಮೂಲಕವೇ ಕಟ್ಟಬೇಕು. ಯುಪಿಐ ನಡೆಯುವುದಿಲ್ಲ. ಮೂವತ್ತು ವರ್ಷ ಕೌಂಟರಿನ ಒಳಗಡೆ ಕುಳಿತು ಚಲನ್ ಪಡೆದವನಿಗೆ ಹೊರಗಡೆಯ ಸಾಲಿನಲ್ಲಿ ನಿಲ್ಲುವುದು ಸರಿಯಾದ ಶಿಕ್ಷೆಯೇ ಎಂದು ನನ್ನ ಹೆಂಡತಿ ನಕ್ಕಳು.

ಸದಸ್ಯತ್ವ ಸಿಕ್ಕಿದ ಕೂಡಲೇ ಎಲ್ಲ ಪತ್ರಿಕೆಗಳೂ ತೆರೆದುಕೊಳ್ಳುತ್ತವೆ ಎಂದು ಯಾರೂ ಎಣಿಸಬಾರದು. ಗ್ರಂಥಾಲಯದ ಜಾಲತಾಣದಲ್ಲಿ ವಿದ್ಯುನ್ಮಾನ ಸಂಪನ್ಮೂಲ ಎಂಬ ತಲೆಬರಹದ ಕೆಳಗೆ ಉದ್ದನೆಯ ಪಟ್ಟಿ ಇರುತ್ತದೆ, ಆದರೆ ಅದರಲ್ಲಿ ಹೆಚ್ಚಿನವು ಇಂದಿನ ಸಂಶೋಧನಾ ನಿಯತಕಾಲಿಕೆಗಳು. 2025ರ ಜನವರಿ 1ರಿಂದ ಜಾರಿಗೆ ಬಂದಿರುವ ಕೇಂದ್ರ ಸರಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರಕಾರಿ ವಿದ್ಯಾಸಂಸ್ಥೆಗಳಿಗೆ ಸಿಗುತ್ತವೆಂಬ ಸುದ್ದಿಯನ್ನು ಓದಿಕೊಂಡೇ ನಾನು ಹೋಗಿದ್ದೆ. ಡಿಜಿಟಲ್ ವಿಭಾಗದ ಗ್ರಂಥಪಾಲಕಿ ಸಮಾಧಾನವಾಗಿ ವಿವರಿಸಿದರು: "ಅದು ಜರ್ನಲ್‌ಗಳಿಗೆ ಸರ್. ನೀವು ಕೇಳುವ ಹಳೆಯ ಪೇಪರುಗಳದ್ದು ಬೇರೆಯೇ ಲೆಕ್ಕ. ಅದನ್ನು ಪ್ರತಿಯೊಂದು ಲೈಬ್ರರಿ ತನ್ನದೇ ದುಡ್ಡಿನಿಂದ ತೆಗೆದುಕೊಳ್ಳಬೇಕು. ನಮ್ಮಲ್ಲಿ ಇಲ್ಲ."

ಅಷ್ಟು ಹೇಳಿ ಅವರು ಸುಮ್ಮನಾಗಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಈ ದತ್ತಸಂಚಯಗಳನ್ನು ಮಾರುವ ಕಂಪೆನಿಗಳು ಗ್ರಂಥಾಲಯ ಕೇಳಿಕೊಂಡರೆ ಕೆಲವು ವಾರಗಳ ಮಟ್ಟಿಗೆ ಉಚಿತವಾಗಿ ಪರೀಕ್ಷಿಸಿ ನೋಡಲು ಬಿಡುತ್ತವೆ, ಅದಕ್ಕೆ ಟ್ರಯಲ್ ಎನ್ನುತ್ತಾರೆ, ಆದರೆ ಬೇಡಿಕೆ ಯಾವುದಾದರೂ ವಿಭಾಗದಿಂದ ಬರಬೇಕು ಎಂದರು. ಈ ದಾರಿ ಇದೆಯೆಂದು ಯಾವ ಸೂಚನಾ ಫಲಕದಲ್ಲಿಯೂ ಬರೆದಿರುವುದಿಲ್ಲ. ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಇತಿಹಾಸ ವಿಭಾಗದ ಒಬ್ಬ ಪ್ರಾಧ್ಯಾಪಕರಿಗೆ ತಮ್ಮ ವಿದ್ಯಾರ್ಥಿಗಳಿಗೂ ಇದು ಬೇಕೆನಿಸಿ ಪತ್ರ ಬರೆದುಕೊಟ್ಟರು. ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಆಷಾಢವೆಲ್ಲ ಕಳೆಯಿತು. ವಿಚಾರಿಸಲು ಹೋದಾಗಲೆಲ್ಲ ಅಟೆಂಡರರು ಬೇಸರಿಸದೆ, "ಫೈಲ್ ಮೇಲೆ ಹೋಗಿದೆ ಮಾರಾಯ್ರೇ, ಇನ್ನು ಕೆಳಗೆ ಬರಬೇಕಷ್ಟೆ" ಎನ್ನುತ್ತಿದ್ದರು. ಕೃಷ್ಣಾಷ್ಟಮಿಯ ಹೊತ್ತಿಗೆ ಕೆಳಗೆ ಬಂತು.

ಅನುಮತಿ ಬಂದದ್ದು ಎರಡು ಸಂಗ್ರಹಗಳಿಗೆ. ಒಂದು ಪ್ರೋಕ್ವೆಸ್ಟ್‌ನವರ ಟೈಮ್ಸ್ ಆಫ್ ಇಂಡಿಯಾ; 1838ರ ನವೆಂಬರಿನಲ್ಲಿ ಬಾಂಬೆ ಟೈಮ್ಸ್ ಎಂಬ ಹೆಸರಿನಲ್ಲಿ ಹೊರಟ ಮೊದಲ ಸಂಚಿಕೆಯಿಂದ ಅದರಲ್ಲಿದೆ. ಇನ್ನೊಂದು ಗೇಲ್ ಕಂಪೆನಿಯ ಸಂಗ್ರಹ, ಅದರಲ್ಲಿ ಲಂಡನ್ನಿನ ದಿ ಟೈಮ್ಸ್ 1785ರಿಂದ ಇದೆ. ಜೊತೆಗೇ ಎರಡು ಷರತ್ತುಗಳೂ ಬಂದವು. ಗ್ರಂಥಾಲಯದ ಒಳಗಿನ ಗಣಕಯಂತ್ರದಲ್ಲಿಯೇ ಕುಳಿತು ನೋಡಬೇಕು, ಮನೆಯಿಂದ ಲಾಗಿನ್ ಆಗುವಂತಿಲ್ಲ. ಟ್ರಯಲ್ ಅವಧಿಯಲ್ಲಿ ಪುಟವನ್ನು ಇಳಿಸಿಕೊಳ್ಳುವಂತಿಲ್ಲ, ಮುದ್ರಿಸುವಂತಿಲ್ಲ. ಇಲ್ಲಿ ಹೊರಗಿನವರು ತಿಳಿದಿರಬೇಕಾದ ವಿಷಯವೊಂದಿದೆ: ಇಂತಹ ಸಂಗ್ರಹಗಳ ಪರವಾನಗಿ ಒಪ್ಪಂದಗಳಲ್ಲಿ ಬಹುಪಾಲು, ಗ್ರಂಥಾಲಯಕ್ಕೆ ನಡೆದು ಬಂದ ಓದುಗನಿಗೆ ಅಲ್ಲಿಯೇ ಕುಳಿತು ನೋಡಲು ಅವಕಾಶ ಕೊಟ್ಟಿರುತ್ತವೆ, ದೂರದಿಂದ ನೋಡುವ ಅವಕಾಶ ಮಾತ್ರ ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮೀಸಲು. ಆದ್ದರಿಂದ "ಹೊರಗಿನವರಿಗೆ ಇಲ್ಲ" ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ, ಒಳಗೆ ಕುಳಿತು ನೋಡಬಹುದೇ ಎಂದು ಇನ್ನೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ.

ಮೊದಲ ದಿನ "ಬಾಸೆಲ್ ಮಿಶನ್" ಎಂದು ಇಂದಿನ ಕಾಗುಣಿತದಲ್ಲಿ ಟೈಪಿಸಿದಾಗ ಬಂದ ಫಲಿತಾಂಶಗಳು ಬೆರಳೆಣಿಕೆಯಷ್ಟು. ಊರಿಗೆ ಊರೇ ಹೊದ್ದ ಹಂಚನ್ನು ಮಾಡಿದ ಸಂಸ್ಥೆಯ ಬಗ್ಗೆ ಇಷ್ಟೇ ಬರೆದರೇ ಎಂದು ಮನಸ್ಸು ಕುಗ್ಗಿತು. ಆದರೆ ಆ ಕಾಲದ ಇಂಗ್ಲಿಷ್ ಪತ್ರಿಕೆಗಳು ಆ ನಗರದ ಹೆಸರನ್ನು ಬರೆಯುತ್ತಿದ್ದದ್ದು ಎಸ್ ಆದ ಮೇಲೆ ಎಲ್, ಕೊನೆಯಲ್ಲಿ ಇ ಬರುವ ಹಾಗೆ. ಹಾಗೆ ಬರೆದು ಹುಡುಕಿದಾಗ ಫಲಿತಾಂಶಗಳು ಪುಟಗಟ್ಟಲೆ ಬಂದವು, ಆದರೆ ಓದುತ್ತಾ ಹೋದರೆ ಎಲ್ಲವೂ ಆಫ್ರಿಕಾದ ಗೋಲ್ಡ್ ಕೋಸ್ಟಿನ ಕೋಕೋ ವ್ಯಾಪಾರದ ವಿಷಯ. ಇಂದಿನ ಘಾನಾ ದೇಶದಲ್ಲಿಯೂ ಇದೇ ಮಿಶನ್ನಿನ ವ್ಯಾಪಾರವಿತ್ತು, ಲಂಡನ್ನಿನವರಿಗೆ ಜೆಪ್ಪುವಿನ ಹಂಚಿಗಿಂತ ಕೋಕೋ ದೊಡ್ಡದಾಗಿತ್ತು. "ಗೋಲ್ಕೊಂಡಾ" ಎಂದು ಹುಡುಕಿದರೆ ವಜ್ರ ಮತ್ತು ಹೈದರಾಬಾದ್. "ಮಂಗಳೂರು ಟೈಲ್ಸ್" ಎಂದರೆ ಮುಂಬಯಿಯ ಕಟ್ಟಡ ಸಾಮಗ್ರಿಯ ಜಾಹೀರಾತು.

ಹೀಗೆ ಪದಗಳ ಹಿಂದೆ ಅಲೆದು ಸಾಕಾದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಹುಡುಕುವ ಚೌಕಕ್ಕೆ ಗೊತ್ತಿರುವುದು ಪತ್ರಿಕೆಯಲ್ಲಿ ಅಚ್ಚಾದದ್ದಲ್ಲ, ಯಂತ್ರ ಆ ಪುಟದ ಚಿತ್ರವನ್ನು ನೋಡಿ ಓದಿಕೊಂಡದ್ದು. ಇವೆರಡರ ನಡುವೆ ಎಷ್ಟು ಅಂತರವಿರುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣಕ್ಕೆ ಹೋಗಬೇಕು. ಅದು ಎಲ್ಲರಿಗೂ ಉಚಿತ, ಮನೆಯಲ್ಲಿಯೇ ಕುಳಿತು ನೋಡಬಹುದು, ಪುಟದ ಚಿತ್ರದ ಪಕ್ಕದಲ್ಲಿಯೇ ಯಂತ್ರದ ಓದನ್ನೂ ತೋರಿಸುತ್ತದೆ, ತಪ್ಪಿದ್ದರೆ ಓದುಗರೇ ತಿದ್ದಬಹುದು. ನಾನು ಅಲ್ಲಿ ನೋಡಿದ ಒಂದು ಅಂಕಣದಲ್ಲಿ ಟೈಲ್ಸ್ ಎಂಬ ಪದದ ಮೊದಲ ಅಕ್ಷರದ ಶಾಯಿ ಹರಡಿ, ಯಂತ್ರ ಅದನ್ನು ಫೈಲ್ಸ್ ಎಂದು ಓದಿತ್ತು. ಮಡಿಕೆಯ ಗೆರೆ ಹಾದುಹೋದಲ್ಲಿ ಒಂದು ಸಾಲಿಗೆ ಸಾಲೇ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿತ್ತು. ಪಕ್ಕದ ಅಂಕಣದ ಕುದುರೆ ಮಾರಾಟದ ಅರ್ಧ ವಾಕ್ಯ ಬಂದು ಈ ಅಂಕಣದ ವಾಕ್ಯಕ್ಕೆ ಅಂಟಿಕೊಂಡಿತ್ತು. ಇಂತಹ ಪುಟದಲ್ಲಿ ನಾವು ಹುಡುಕುವ ಸುದ್ದಿ ಇದ್ದರೂ ಫಲಿತಾಂಶದಲ್ಲಿ ಶೂನ್ಯವೆಂದೇ ಬರುತ್ತದೆ.

ಅಲ್ಲಿಂದ ಮುಂದೆ ಪದವನ್ನು ಬಿಟ್ಟು ದಿನಾಂಕವನ್ನು ಹಿಡಿದೆ. ಘಟನೆಯ ದಿನ ಗೊತ್ತಿದ್ದರೆ ಆ ವಾರದ ಸಂಚಿಕೆಗಳನ್ನು ಒಂದೊಂದಾಗಿ ತೆರೆದು, ವಾಣಿಜ್ಯ ಪುಟವನ್ನೂ ಮದ್ರಾಸಿನ ಪತ್ರದ ಅಂಕಣವನ್ನೂ ಕಣ್ಣಿನಿಂದಲೇ ಓದುವುದು. ಇದು ನಿಧಾನ, ಆದರೆ ಖಚಿತ. ದಿನಾಂಕದ ಲೆಕ್ಕ ಹಾಕುವಾಗ ಎರಡು ಸಂಗತಿಗಳು ನೆನಪಿನಲ್ಲಿರಲಿ. ತಂತಿಯಲ್ಲಿ ಹೋದ ಸುದ್ದಿ ಮರುದಿನವೇ ಅಚ್ಚಾಗಿರಬಹುದು, ಅದೇ ಸುದ್ದಿ ಟಪಾಲಿನ ಹಡಗಿನಲ್ಲಿ ಹೋಗಿದ್ದರೆ ಲಂಡನ್ನಿನಲ್ಲಿ ಕಾಣಿಸಿಕೊಳ್ಳುವುದು ಎರಡು ಮೂರು ವಾರಗಳ ಅನಂತರ, ಯುದ್ಧಕಾಲದಲ್ಲಿ ಇನ್ನೂ ತಡವಾಗಿ. ಎರಡನೆಯದಾಗಿ, 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಗಿ ದಕ್ಷಿಣ ಭಾಗ ಮದ್ರಾಸ್ ಪ್ರಾಂತದಲ್ಲಿಯೇ ಉಳಿದದ್ದರಿಂದ, ನಮ್ಮ ಊರಿನ ಆಡಳಿತದ ಸುದ್ದಿ ಸಹಜವಾಗಿ ಬರುತ್ತಿದ್ದದ್ದು ಮದ್ರಾಸಿನ ಪತ್ರಿಕೆಗಳಲ್ಲಿ. ಟೈಮ್ಸ್ ಆಫ್ ಇಂಡಿಯಾ ಮುಂಬಯಿಯ ಪತ್ರಿಕೆ. ಅದರಲ್ಲಿ ಕಾರವಾರಕ್ಕೆ ಸಿಗುವ ಜಾಗ ಮಂಗಳೂರಿಗೆ ಸಿಗುವುದಿಲ್ಲ. ಉತ್ತರ ಕನ್ನಡದ ವಿಷಯ ಹುಡುಕುವವರು ಇದೇ ಮಾತನ್ನು ತಿರುಗಿಸಿಕೊಂಡರೆ ಲಾಭ.

ಪದ ಹಿಡಿದೇ ಹುಡುಕಬೇಕಾದಾಗ ಕೆಲವು ಉಪಾಯಗಳು ಕೆಲಸ ಮಾಡಿದವು. ಸಂಸ್ಥೆಯ ಹೆಸರಿನ ಬದಲು ಅದರ ಜೊತೆಯಲ್ಲಿ ಬಂದೇ ಬರುವ ಬೇರೆ ಪದವನ್ನು ಕೊಡುವುದು: ಮಂಗಳೂರು ಎಂಬುದರ ಸಮೀಪದಲ್ಲಿ "ವೀವಿಂಗ್", ಕಾಮನ್‌ವೆಲ್ತ್ ಟ್ರಸ್ಟ್ ಎಂಬುದರ ಸಮೀಪದಲ್ಲಿ "ಮಲಬಾರ್". ಪ್ರೋಕ್ವೆಸ್ಟ್‌ನಲ್ಲಿ ಎರಡು ಪದಗಳ ನಡುವೆ ಎಷ್ಟು ಅಂತರವಿರಬಹುದೆಂದು ಸೂಚಿಸುವ ನಿಯರ್ ಎಂಬ ಆದೇಶವಿದೆ. ಗೇಲ್‌ನಲ್ಲಿ ಅಕ್ಷರ ಅಷ್ಟಿಷ್ಟು ತಪ್ಪಿದ್ದರೂ ಹಿಡಿಯುವ ಫಜಿ ಸರ್ಚ್ ಇದೆ. ಅದನ್ನು ಕಡಿಮೆ ಪ್ರಮಾಣದಲ್ಲಿ ಇಟ್ಟರೆ ಉಪಕಾರ, ಹೆಚ್ಚು ಪ್ರಮಾಣದಲ್ಲಿ ಇಟ್ಟರೆ ಕಸ.

ಕೆಲಸ ಒಂದು ಹದಕ್ಕೆ ಬಂದಿತ್ತು, ಆಗ ಒಂದು ಬೆಳಿಗ್ಗೆ ಎರಡು ಸಂಗ್ರಹಗಳಲ್ಲಿ ಒಂದು ತೆರೆಯಲೇ ಇಲ್ಲ. ಪುಟಗಳನ್ನು ಒಂದರ ಹಿಂದೊಂದು ತಾನಾಗಿಯೇ ತೆರೆದು ಚಿತ್ರ ಉಳಿಸಿಕೊಳ್ಳುವ ತಂತ್ರಾಂಶವನ್ನು ಯಾರೋ ಹಿಂದಿನ ಸಂಜೆ ಓಡಿಸಿದ್ದರಂತೆ. ಕಂಪೆನಿಯ ಕಡೆಯ ಕಾವಲು ವ್ಯವಸ್ಥೆ ಇಡೀ ಆವರಣದ ಐಪಿ ವಿಳಾಸವನ್ನೇ ತಡೆಹಿಡಿದಿತ್ತು. ಟ್ರಯಲ್‌ನ ದಿನಗಳು ಉರುಳುತ್ತಿವೆ, ಹೊರಗೆ ಬಿಡದೆ ಮಳೆ, ಒಳಗೆ ತೆರೆಯದ ಪರದೆ. ಗ್ರಂಥಪಾಲಕಿ ಮಿಂಚಂಚೆಯ ಮೇಲೆ ಮಿಂಚಂಚೆ ಬರೆದು ಬಿಡಿಸಿಕೊಟ್ಟರು, ಅವಧಿಯನ್ನೂ ಸ್ವಲ್ಪ ವಿಸ್ತರಿಸಿಕೊಂಡರು. ಒಬ್ಬರ ಅವಸರಕ್ಕೆ ಎಲ್ಲರೂ ದಂಡ ತೆರಬೇಕಾಗುತ್ತದೆ. ದಯವಿಟ್ಟು ಇಂತಹ ತಂತ್ರಾಂಶಗಳ ಗೊಡವೆಗೆ ಹೋಗಬೇಡಿ.

ಅಂತೂ ನವರಾತ್ರಿಯ ಆಚೀಚೆ, ಟೈಮ್ಸ್ ಆಫ್ ಇಂಡಿಯಾದ ಒಂದು ವಾಣಿಜ್ಯ ಪುಟದ ಕೆಳಗಿನ ಮೂಲೆಯಲ್ಲಿ, ಹತ್ತಿಯ ದರಪಟ್ಟಿಗೆ ಒತ್ತಿಕೊಂಡು, ಮಿಶನ್ನಿನ ವ್ಯಾಪಾರ ಹೊಸ ಟ್ರಸ್ಟಿನ ವಶಕ್ಕೆ ಹೋಗುವ ಬಗ್ಗೆ ಏಳೆಂಟು ಸಾಲಿನ ಸುದ್ದಿ ಸಿಕ್ಕಿತು. ಪರದೆಯ ಮೇಲೆ ಅದನ್ನು ಹಿಗ್ಗಿಸಿ, ಕನ್ನಡಕ ತೆಗೆದು ಹಾಕಿ ಮಾಡುತ್ತಾ ಓದಿದೆ. ಕಾರ್ಮಿಕರ ಬಗ್ಗೆ ಒಂದಕ್ಷರವೂ ಇಲ್ಲ. ಬಂಡವಾಳ, ಆಡಳಿತ ಮಂಡಳಿ, ಲಾಭದ ವಿನಿಯೋಗ, ಅಷ್ಟೆ. ನಿರಾಸೆಯಾಯಿತೆಂದರೆ ಸುಳ್ಳಾಗುತ್ತದೆ, ಏನಿಲ್ಲ ಎಂಬುದೂ ನನ್ನ ಬರಹಕ್ಕೆ ಬೇಕಾದ ಸಂಗತಿಯೇ ಆಗಿತ್ತು. ಪುಸ್ತಕದಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪುಟ, ಅಂಕಣ, ಶೀರ್ಷಿಕೆ ಇಷ್ಟನ್ನೂ ಬರೆದುಕೊಂಡೆ. ಇವುಗಳಲ್ಲಿ ಅಂಕಣದ ಸಂಖ್ಯೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆರೇಳು ಅಂಕಣಗಳ ಒತ್ತಿಬರೆದ ಪುಟದಲ್ಲಿ ಏಳು ಸಾಲನ್ನು ಮತ್ತೆ ಹುಡುಕುವ ಹೊತ್ತಿಗೆ ಅದರ ಬೆಲೆ ತಿಳಿಯುತ್ತದೆ.

ಪ್ರತಿ ತರಿಸುವುದು ಬೇರೊಂದು ಹಾದಿ. ನಿಖರವಾದ ಉಲ್ಲೇಖ ಕೈಯಲ್ಲಿದ್ದರೆ, ಅದೇ ಸಂಗ್ರಹವನ್ನು ಕೊಂಡಿರುವ ಇನ್ನೊಂದು ಗ್ರಂಥಾಲಯದಿಂದ ಆ ಒಂದು ಪುಟದ ಪ್ರತಿಯನ್ನು ನಮ್ಮ ಗ್ರಂಥಾಲಯದ ಮೂಲಕ ತರಿಸಿಕೊಳ್ಳಬಹುದು. ಡೆಲ್‌ನೆಟ್ ಜಾಲದ ಸದಸ್ಯ ಗ್ರಂಥಾಲಯಗಳ ನಡುವೆ ಇಂತಹ ವಿನಿಮಯಕ್ಕೆ ವ್ಯವಸ್ಥೆಯಿದೆ. "1919ರಲ್ಲಿ ಬಾಸೆಲ್ ಮಿಶನ್ ಬಗ್ಗೆ ಬಂದದ್ದೆಲ್ಲ ಬೇಕು" ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ. ದಿನಾಂಕ, ಪುಟ, ಅಂಕಣ ಕೊಟ್ಟು ಕೇಳಿದ ಪ್ರತಿಗಳು ಒಂದನ್ನು ಬಿಟ್ಟು ಎಲ್ಲವೂ ಬಂದವು. ಖರ್ಚು ಪುಟವೊಂದಕ್ಕೆ ಕೆಲವು ರೂಪಾಯಿಗಳಷ್ಟೇ. ಒಟ್ಟಿನಲ್ಲಿ ನನ್ನ ಕೈಯಿಂದ ಹೆಚ್ಚು ಹೋದದ್ದು ಬಸ್ಸಿಗೆ ಮತ್ತು ಕ್ಯಾಂಟೀನಿನ ಗೋಳಿಬಜೆಗೆ.

ಟ್ರಯಲ್ ಸಿಗದಿದ್ದವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಟ್ರೋವ್‌ನಂತೆ ಸಿಂಗಾಪುರದ ರಾಷ್ಟ್ರೀಯ ಗ್ರಂಥಾಲಯದ ನ್ಯೂಸ್‌ಪೇಪರ್‌ಎಸ್‌ಜಿ ತಾಣದಲ್ಲಿಯೂ ಸ್ಟ್ರೇಟ್ಸ್ ಟೈಮ್ಸ್ ಮೊದಲಾದ ಹಳೆಯ ಪತ್ರಿಕೆಗಳನ್ನು ಹುಡುಕಬಹುದು. ನಮ್ಮ ಹಂಚು ಹಡಗಿನಲ್ಲಿ ಎಲ್ಲೆಲ್ಲಿಗೆ ಹೋಯಿತೋ ಅಲ್ಲಲ್ಲಿಯ ಪತ್ರಿಕೆಗಳನ್ನು ನೋಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹೋಮ್‌ವರ್ಡ್ ಮೇಲ್, ಲಾಹೋರಿನ ಸಿವಿಲ್ ಎಂಡ್ ಮಿಲಿಟರಿ ಗೆಜೆಟ್ ಮುಂತಾದವು ಇವೆ. ಪುಟ ನೋಡಲು ಹಣ ಕೊಡಬೇಕಾದರೂ ಹುಡುಕಲು ಕೊಡಬೇಕಾಗಿಲ್ಲ, ಫಲಿತಾಂಶದ ಜೊತೆ ಕಾಣುವ ಎರಡು ಮೂರು ಸಾಲಿನ ತುಣುಕಿನಿಂದಲೇ ಹಣ ಹಾಕಲು ಯೋಗ್ಯವೇ ಎಂದು ನಿರ್ಧರಿಸಬಹುದು. ಬ್ರಿಟಿಷ್ ಸಂಸತ್ತಿನ ಚರ್ಚೆಗಳ ವರದಿಯಾದ ಹ್ಯಾನ್ಸಾರ್ಡ್ ಉಚಿತ, ಪಠ್ಯವೂ ಬಹುಮಟ್ಟಿಗೆ ಶುದ್ಧ. ಬಾಸೆಲ್ ಮಿಶನ್ನಿನ ಆಸ್ತಿಯ ಪ್ರಶ್ನೆ ಅಲ್ಲಿಗೂ ಹೋಗಿತ್ತು.

ಇನ್ನು ಕನ್ನಡ ಪತ್ರಿಕೆಗಳ ವಿಷಯ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರವನ್ನು ಹೊರಡಿಸಿದ ಊರಿನಲ್ಲಿ ಕುಳಿತು, ನಮ್ಮ ಊರಿನ ಬಗ್ಗೆ ಮುಂಬಯಿ ಮತ್ತು ಲಂಡನ್ನಿನವರು ಏನು ಬರೆದರೆಂದು ಹುಡುಕುವುದು ವಿಚಿತ್ರವೇ. ಆದರೆ ನಾನು ನೋಡಿದ ಮಟ್ಟಿಗೆ, ಈ ದೊಡ್ಡ ಸಂಗ್ರಹಗಳೆಲ್ಲ ಇಂಗ್ಲಿಷಿನವು. ಹಳೆಯ ಕನ್ನಡ ಪತ್ರಿಕೆಗಳು ಚಿತ್ರರೂಪದಲ್ಲಿ ಸಿಕ್ಕಿದರೂ ಪದ ಕೊಟ್ಟು ಹುಡುಕುವ ಸೌಕರ್ಯ ಇಲ್ಲದೆ ಪುಟ ಪುಟವನ್ನೂ ತಿರುವಬೇಕಾಗುತ್ತದೆ. ಒಂದು ಅಡ್ಡದಾರಿ ಇದೆ. ಪ್ರಾಂತೀಯ ಸರಕಾರಗಳು ದೇಶಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಎಂಬುದರ ಇಂಗ್ಲಿಷ್ ಸಾರಾಂಶವನ್ನು ವಾರವಾರವೂ ಗುಟ್ಟಾಗಿ ಸಿದ್ಧಪಡಿಸುತ್ತಿದ್ದವು. ಇಂತಹ ವರದಿಗಳ ಅನೇಕ ಸಂಪುಟಗಳು ಸೌತ್ ಏಷ್ಯಾ ಓಪನ್ ಆರ್ಕೈವ್ಸ್ ಎಂಬ ಉಚಿತ ತಾಣದಲ್ಲಿವೆ. ಸಾರಾಂಶ ಬರೆದವನು ಸರಕಾರದ ಅನುವಾದಕ, ಸರಕಾರಕ್ಕೆ ಆತಂಕ ತರುವ ಮಾತನ್ನೇ ಹೆಕ್ಕುವುದು ಅವನ ಉದ್ಯೋಗ, ಎಂಬುದನ್ನು ಮರೆಯದೆ ಓದಬೇಕು. ಭಟ್ಟಿಯ ಕೆಲಸದವರ ಬಗ್ಗೆ ನನಗೆ ಕೊನೆಗೂ ಏನಾದರೂ ದೊರೆತದ್ದು ಡಿಜಿಟಲ್ ಪತ್ರಿಕೆಗಳಲ್ಲಿ ಅಲ್ಲ, ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದ ಹಳೆಯ ವರದಿಗಳಲ್ಲಿ. ಬಾಸೆಲ್ ಮಿಶನ್ ಪತ್ರಾಗಾರದ ಜಾಲತಾಣದಲ್ಲಿರುವ ಛಾಯಾಚಿತ್ರಗಳನ್ನೂ ನೋಡಿದೆ.

ಸಿಕ್ಕಿದ್ದನ್ನು ಅಚ್ಚು ಹಾಕುವವರಿಗೆ ಒಂದು ಸೂಚನೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬರೆದವರ ಹೆಸರಿಲ್ಲದ ಬರಹದ ಹಕ್ಕು ಪ್ರಕಟವಾಗಿ 60 ವರ್ಷಗಳಿಗೆ ಮುಗಿಯುತ್ತದೆ. ಆದ್ದರಿಂದ 1919ರ ಹೆಸರಿಲ್ಲದ ಸುದ್ದಿಯನ್ನು ಉದ್ಧರಿಸಲು ತೊಡಕಿಲ್ಲ. ಪುಟದ ಸ್ಕ್ಯಾನ್ ಚಿತ್ರವನ್ನು ಹಾಗೆಯೇ ಮುದ್ರಿಸುವುದಾದರೆ ಮಾತ್ರ ಗ್ರಂಥಾಲಯ ಮತ್ತು ಕಂಪೆನಿಯ ನಡುವಿನ ಒಪ್ಪಂದ ಏನು ಹೇಳುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ಹಾಗೆಯೇ, ಠೇವಣಿಯ ಮೂಲ ರಶೀದಿಯನ್ನು ಜೋಪಾನವಾಗಿ ಇಡಿ. ಜೆರಾಕ್ಸ್ ಪ್ರತಿ ತೋರಿಸಿದರೆ 2,000 ರೂಪಾಯಿ ವಾಪಸು ಕೊಡುವುದಿಲ್ಲವೆಂದು ಲೆಕ್ಕ ವಿಭಾಗದವರು ನನಗೆ ಮೊನ್ನೆಯಷ್ಟೇ ಸ್ಪಷ್ಟವಾಗಿ ತಿಳಿಸಿದ್ದಾರೆ.